ಕರುಣೆಗೊಂದು ಕಾಲಂ

ಡಾಕ್ಟರಾಗುವವರಿಗೆ ಕರುಣೆಯನ್ನೂ ಕಲಿಸಬೇಕೆಂದು ದೆಹಲಿಯ ದೊಡ್ಡವರಿಗೆ ಹೊಳೆದದ್ದು ಈಚೆಗೆ. 2019ರಲ್ಲಿ ಎಂಬಿಬಿಎಸ್ ಸೇರಿದ ಬ್ಯಾಚಿನಿಂದ ಪಠ್ಯಕ್ರಮ ಬದಲಾಯಿತು, ಅದರ ಜೊತೆ ‘ಏಟ್‌ಕಾಮ್’ ಬಂತು. ಮನೋಭಾವ, ನೀತಿ, ಸಂವಹನ ಮೂರನ್ನೂ ಅರೆದು 27 ಮಾಡ್ಯೂಲ್‌ಗಳ ಗುಳಿಗೆ ಕಟ್ಟಿ ಕೊಡುವ ಏರ್ಪಾಡು. ಉದ್ದೇಶ ಒಳ್ಳೆಯದೇ, ತಕರಾರಿಲ್ಲ. ಆದರೆ ನಮ್ಮಲ್ಲಿ ಎಂಥ ಒಳ್ಳೆಯ ಉದ್ದೇಶವೂ ಕೊನೆಗೆ ಹೆರುವುದು ಒಂದು ಲಾಗ್‌ಬುಕ್ಕನ್ನು. ಹುಡುಗನೊಳಗೆ ಕರುಣೆ ಇದೆಯೋ ಇಲ್ಲವೋ ಎಂದು ಎದೆಗೆ ಸ್ಟೆತ್ ಇಟ್ಟು ನೋಡುವ ಗೋಜೇ ಇಲ್ಲ. ಕಾಲಂ ತುಂಬಿದೆಯಾ, ಮೇಡಂ ಸಹಿ ಬಿದ್ದಿದೆಯಾ, ಮುಗಿಯಿತು. ಕ್ಲಾಸಿಗೆ ಚಕ್ಕರ್ ಹೊಡೆದವರ ಕರುಣೆ ಪರೀಕ್ಷೆಯ ಹಿಂದಿನ ವಾರ ಹಾಸ್ಟೆಲಿನಲ್ಲಿ ಗೆಳೆಯನ ಪುಸ್ತಕ ನೋಡಿಕೊಂಡು ಒಂದೇ ರಾತ್ರಿಯಲ್ಲಿ ಉಕ್ಕಿ ಹರಿಯುತ್ತದೆ.

ಪರೀಕ್ಷೆಯೂ ಉಂಟು, ಓಸ್ಕಿ ಅಂತ. ಟೇಬಲ್ಲಿನ ಆಚೆ ರೋಗಿಯ ಪಾತ್ರ ವಹಿಸಿದವರೊಬ್ಬರು, ಪಕ್ಕದಲ್ಲಿ ಚೆಕ್‌ಲಿಸ್ಟ್ ಹಿಡಿದ ಪರೀಕ್ಷಕರು. ನಮಸ್ಕಾರ ಅಂದನೇ? ಅರ್ಧ ಅಂಕ. ತನ್ನ ಹೆಸರು ಹೇಳಿಕೊಂಡನೇ? ಅರ್ಧ. ಮುಖ ನೋಡಿ ಮಾತಾಡಿದನೇ? ಇನ್ನರ್ಧ. ‘ನಿಮ್ಮ ಸಂಕಟ ನನಗೆ ತಿಳಿಯುತ್ತಮ್ಮಾ’ ಅನ್ನುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಕಣ್ಣೊರೆಸಿಕೊಳ್ಳುತ್ತಿರುವ ಅಮ್ಮನನ್ನು ಅಲ್ಲೇ ಬಿಟ್ಟು ಹುಡುಗ ಮುಂದಿನ ಟೇಬಲ್ಲಿಗೆ ಓಡಬೇಕು, ಅಲ್ಲಿ ಎಕ್ಸ್‌ರೇ ಕಾದಿದೆ. ನಮ್ಮ ಓಪಿಡಿಗಳಿಗೆ ಇದಕ್ಕಿಂತ ಒಳ್ಳೆಯ ತಯಾರಿ ಬೇರೆ ಇದ್ದೀತೇ!

ಹಾಗೇ ವಾರ್ಡಿಗೂ ಬನ್ನಿ. 14ನೇ ಬೆಡ್ಡಿನ ಮುದುಕನಿಗೆ ಹೆಸರಿಲ್ಲ, ಆತ ‘ಸ್ಪ್ಲೀನ್’. ಅಷ್ಟು ದೊಡ್ಡ ಗುಲ್ಮ ಸಿಗುವುದು ಅಪರೂಪವಂತೆ. ‘ಒಳ್ಳೇ ಕೇಸ್ ಕಣ್ರೋ, ಎಲ್ರೂ ಮುಟ್ಟಿ ನೋಡಿ’ ಎಂದು ಪ್ರೊಫೆಸರರ ಅಪ್ಪಣೆಯಾಗುತ್ತದೆ. ಎಸಿ ರೂಮಿನಿಂದ ಬಂದ ಹತ್ತಾರು ತಣ್ಣನೆ ಕೈಗಳು ಸಾಲುಗಟ್ಟಿ ಅವನ ಹೊಟ್ಟೆ ಒತ್ತುತ್ತವೆ. ‘ಉಸಿರು ಎಳ್ಕೋ, ಬಿಡು. ಎಳ್ಕೋ, ಬಿಡು.’ ಹೊರರಾಜ್ಯದ ಹುಡುಗರು ಫೌಂಡೇಶನ್ ಕೋರ್ಸಿನಲ್ಲಿ ಕಲಿತ ಕನ್ನಡ ಅಲ್ಲಿಗೆ ಖರ್ಚಾಯಿತು. ಮುಂದಿನ ಚರ್ಚೆಯೆಲ್ಲ ಇಂಗ್ಲಿಷಿನಲ್ಲಿ, ಅವನ ತಲೆಯ ಮೇಲಿಂದಲೇ. ಮುದುಕ ಒಬ್ಬೊಬ್ಬರ ಮುಖವನ್ನೂ ನೋಡುತ್ತಾನೆ, ಉಳಿಯುತ್ತೇನೋ ಇಲ್ಲವೋ ಎಂಬ ಸುಳಿವಿಗೆ. ಪರದೆ ಎಳೆಯಬೇಕು, ಒಪ್ಪಿಗೆ ಕೇಳಬೇಕು ಎಂದು ಏಟ್‌ಕಾಮ್ ಕ್ಲಾಸಿನಲ್ಲಿ ಹೇಳಿದ್ದರು ನಿಜ. ಆದರೆ ಆ ಕ್ಲಾಸಿದ್ದದ್ದು ಬುಧವಾರ, ಇವತ್ತು ಗುರುವಾರ.

ಹುಡುಗರನ್ನು ಬೈದು ಪ್ರಯೋಜನವಿಲ್ಲ, ಕಂಡದ್ದನ್ನು ಕಲಿಯುತ್ತಾರೆ. ಕ್ಯಾಪಿಟೇಶನ್ ನಿಷೇಧಿಸಿ ಕರ್ನಾಟಕ ಕಾಯ್ದೆ ಮಾಡಿದ್ದು 1984ರಲ್ಲಿ. ಆ ಕಾಯ್ದೆಗೇ ಈಗ ನಡುವಯಸ್ಸು, ಬಿಪಿ ಬಂದಿದ್ದರೂ ಬಂದಿರಬಹುದು. ಕಾಲೇಜಿನ ಗೇಟಿನ ಕಮಾನಿನ ಮೇಲೆ ಸೇವೆ, ದಯೆ, ಮಾನವತೆ. ಕಮಾನಿನೊಳಗಿನ ಮ್ಯಾನೇಜ್‌ಮೆಂಟ್ ಸೀಟಿಗೆ ಅಪ್ಪನ ಜಮೀನು. ಜಮೀನು ಮಾರಿಸಿದವರೇ ವೇದಿಕೆ ಹತ್ತಿ ಅವನ ಮಗಳಿಗೆ ನಿಸ್ವಾರ್ಥ ಸೇವೆಯ ಬಗ್ಗೆ ಭಾಷಣ ಮಾಡುತ್ತಾರೆ, ನಗದೆ! ಇದನ್ನು ವೈದ್ಯಕೀಯ ಪವಾಡ ಎನ್ನಬೇಕು. ರಾತ್ರಿಯಿಡೀ ಡ್ಯೂಟಿ ಮಾಡಿ ಮರುದಿನವೂ ದುಡಿಯುವ ಹೌಸ್‌ಸರ್ಜನ್‌ಗಳು ತಿಂಗಳುಗಟ್ಟಲೆ ಬಾರದ ಸ್ಟೈಪೆಂಡ್ ಕೇಳಿ ಧರಣಿ ಕೂತರೆ ತಕ್ಷಣ ಬರುವ ಪ್ರಶ್ನೆ: ‘ನಿಮಗೆ ರೋಗಿಗಳ ಮೇಲೆ ಕರುಣೆ ಇಲ್ಲವೇ?’ ಆಡಳಿತ ಮಂಡಳಿಗೆ ಲಾಗ್‌ಬುಕ್ ಇಲ್ಲವಲ್ಲ, ಕೇಳುವವರು ಕೇಳುತ್ತಾರೆ.

2021-22ರ ಬ್ಯಾಚಿನಿಂದ ಪಠ್ಯಕ್ರಮಕ್ಕೆ ಕುಟುಂಬ ದತ್ತು ಬೇರೆ ಸೇರಿದೆ. ಪ್ರತಿ ವಿದ್ಯಾರ್ಥಿಗೆ ಹಳ್ಳಿಯ ಕೆಲವು ಮನೆಗಳು. ಓದು ಮುಗಿಯುವವರೆಗೂ ಆ ಮನೆಗಳ ಆರೋಗ್ಯ ನೋಡಿಕೊಳ್ಳಬೇಕು. ಚೆಂದದ ಕಲ್ಪನೆ, ಮನಸ್ಸಿಟ್ಟು ಮಾಡುವ ಹುಡುಗರೂ ಇದ್ದಾರೆ. ಉಳಿದ ಕಡೆ ಕಾಲೇಜು ಬಸ್ಸು ಬರುತ್ತದೆ, ಬಿಳಿ ಕೋಟುಗಳು ಇಳಿಯುತ್ತವೆ, ಬ್ಯಾನರ್ ಬಿಚ್ಚಿಕೊಳ್ಳುತ್ತದೆ, ಫೋಟೋ ಆಗುತ್ತದೆ. ಆಮೇಲೆ ಪ್ರಶ್ನಾವಳಿ. ತಲಾ ಆದಾಯ ಕೇಳಿ ಬಿ.ಜಿ. ಪ್ರಸಾದ್ ಮಾಪಕದಲ್ಲಿ ಮನೆಯನ್ನು ಯಾವುದೋ ಒಂದು ದರ್ಜೆಗೆ ಹಾಕಿ, ಬಸ್ಸು ಹೊರಡುವ ಮೊದಲು ಓಡಬೇಕು. ಅಷ್ಟರಲ್ಲಿ ಮುಂದಿನ ಬ್ಯಾಚೂ ಅದೇ ಬೀದಿಗೆ ಬಂದಿರುತ್ತದೆ. ಹೀಗೆ ಬ್ಯಾಚಿನ ಮೇಲೆ ಬ್ಯಾಚು ದತ್ತು ತೆಗೆದುಕೊಂಡ ಅಜ್ಜಿಯೊಬ್ಬರು ಈಗ ಪ್ರಶ್ನೆಗೂ ಕಾಯುವುದಿಲ್ಲ. ಕೋಟು ಕಂಡೊಡನೆ ಜಗಲಿಯಿಂದಲೇ ಶುರು ಮಾಡುತ್ತಾರೆ:

‘ಬರ್ಕೊ ಮಗಾ. ಮನೇಲಿ ನಾಕು ಜನ, ಕಕ್ಕಸು ಐತೆ, ನೀರು ಕಾಸಿ ಕುಡೀತೀವಿ, ಸೊಳ್ಳೆ ಪರದೆ ಇಲ್ಲ. ಆದಾಯ ಹೋದ್ಸಲ ಬರೆದಿದ್ದೇ ಹಾಕ್ಕೊ. ಬಿಪಿ ಮಾತ್ರೆ ತಂದಿದ್ದೀಯಾ?’

‘ಇಲ್ಲ ಅಜ್ಜಿ, ನಾನಿನ್ನೂ ಫಸ್ಟ್ ಇಯರ್ರು.’

‘ಸರಿ, ಸೈನ್ ಎಲ್ಲಿ ಹಾಕ್ಬೇಕು ತೋರ್ಸು.’