ಠಾಣೆಯವರಿಗೂ ಘನ ನ್ಯಾಯಾಲಯಕ್ಕೂ ಒಂದು ಅರಿಕೆ

ಸನ್ಮಾನ್ಯ ಪೊಲೀಸ್ ಠಾಣೆಯವರಿಗೂ ಘನತೆವೆತ್ತ ನ್ಯಾಯಾಲಯಕ್ಕೂ ಈ ರಾಜ್ಯದ ಸಾಮಾನ್ಯ ಪ್ರಜೆಯೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಈ ನಮಸ್ಕಾರದಲ್ಲಿ ಕೊಂಕಿಲ್ಲ. ಹೊಡೆಸಿಕೊಂಡವರಿಗೆ, ಮನೆಮಂದಿಯನ್ನು ಕಳೆದುಕೊಂಡವರಿಗೆ ನಿಮ್ಮನ್ನು ಬಿಟ್ಟರೆ ಬೇರೆ ಗತಿಯಿಲ್ಲ. ನಿಮ್ಮಿಬ್ಬರಿಗೂ ಬೇರೆಬೇರೆಯಾಗಿ ಬರೆಯಬೇಕಿತ್ತು. ಆದರೆ ನೊಂದವರು ಒಂದೇ ಕಾಗದ ಹಿಡಿದು ಎರಡೂ ಕಡೆ ಅಲೆಯುತ್ತಾರೆ, ಹಾಗಾಗಿ ನನ್ನದೂ ಒಂದೇ ಕಾಗದ. ದಯವಿಟ್ಟು ಮನ್ನಿಸಬೇಕು.

ಠಾಣೆಯವರೇ, ಮೊದಲು ತಮಗೆ. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ತನ್ನ ಬೆನ್ನು ಬಿದ್ದ ಹುಡುಗನ ಮೇಲೆ ದೂರು ಕೊಡಲು ಬಂದಾಗ ಜೊತೆಗೆ ನಾನೂ ಇದ್ದೆ. ಕೂರಲು ಬೆಂಚು ಕೊಟ್ಟಿರಿ, ಋಣಿ. ರೈಟರ್ ಸಾಹೇಬರು ತಾವೇ ಪೆನ್ನು ಹಿಡಿದು ದೂರು ಬರೆದುಕೊಟ್ಟರು, ಅದಕ್ಕೂ ಋಣಿ. ‘ಚಾಕು ತೋರಿಸಿ, ಮುಗಿಸಿಬಿಡ್ತೀನಿ ಅಂದ ಸಾರ್’ ಎಂದು ಅವಳು ಹೇಳಿದಳು. ಕಾಗದದ ಮೇಲೆ ಇಳಿದದ್ದು ‘ಅವಾಚ್ಯ ಶಬ್ದಗಳಿಂದ ಬೈದಿರುತ್ತಾನೆ’ ಎಂದು. ಚಾಕುವಿನ ವಿಷಯ ಬರೆಯಲಿಲ್ಲವಲ್ಲ ಎಂದು ಕೇಳಿದ್ದಕ್ಕೆ, ‘ಅದೆಲ್ಲ ಬರೆದರೆ ನಾಳೆ ಕೋರ್ಟಿಗೆ ಅಲೆಯೋಳು ನೀನೇ ಕಣಮ್ಮ’ ಎಂಬ ಹಿತವಚನ ಬಂತು. ಹುಡುಗನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡಿರಿ. ಇಬ್ಬರಿಗೂ ಬುದ್ಧಿ ಹೇಳಿದಿರಿ. ಅವಳಿಗೇಕೆ ಬುದ್ಧಿ ಹೇಳಬೇಕಿತ್ತು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ಒಂದು ಹಿಂಬರಹ ಕೈಗಿತ್ತು ಅವಳನ್ನು ಮನೆಗೆ ಕಳಿಸಿದಿರಿ. ಆ ರಾತ್ರಿಯಿಂದ ಅವಳಪ್ಪ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡು ಮಲಗುತ್ತಾರೆ.

ಸಂಜ್ಞೇಯ ಅಪರಾಧ, ಅಂದರೆ ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧ, ನಡೆದಿದೆಯೆಂದು ದೂರಿನಲ್ಲೇ ಕಂಡುಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಇದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ನೆನಪಿಸುತ್ತಿದ್ದೇನೆ, ಏಕೆಂದರೆ 2024ರ ಮೇ 15ರ ನಸುಕಿನಲ್ಲಿ ಹುಬ್ಬಳ್ಳಿಯಲ್ಲಿ 20 ವರ್ಷದ ಯುವತಿಯನ್ನು ಮನೆಗೇ ನುಗ್ಗಿ ಇರಿದು ಕೊಂದರು. ಬೆದರಿಕೆ ಇದೆಯೆಂದು ಠಾಣೆಗೆ ಮೊದಲೇ ಹೇಳಿದ್ದೆವು ಎಂದು ಮನೆಯವರು ಗೋಳಾಡಿದರು. ಆಮೇಲೆ ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಸಿಬ್ಬಂದಿಯೊಬ್ಬರು ಅಮಾನತಾದರು. ಅಮಾನತು ಮಾಡಿದ್ದಕ್ಕೆ ಕೃತಜ್ಞತೆಗಳು. ಆ ಚುರುಕು ಒಂದು ವಾರ ಮುಂಚೆ ಬಂದಿದ್ದರೆ ಮಗಳು ಉಳಿಯುತ್ತಿದ್ದಳೇನೋ.

ಘನ ನ್ಯಾಯಾಲಯವೇ, ಈಗ ತಮ್ಮ ಸನ್ನಿಧಾನಕ್ಕೆ. ತಮ್ಮ ತಾಳ್ಮೆಗೆ ತಲೆಬಾಗುತ್ತೇನೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಮೊಕದ್ದಮೆ ಎಳೆಯಿತು, ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು, 2006ರ ಡಿಸೆಂಬರ್‌ನಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷ್ಯವಿಲ್ಲದೆ ಶಿಕ್ಷೆ ಕೊಡಿ ಎಂದು ನಾನು ಬೇಡುತ್ತಿಲ್ಲ. ಆದರೆ ಅದೇ ಊರಿನಲ್ಲಿ, ಅದೇ ಜನರ ನಡುವೆ ಕೂಲಿ ಮಾಡಿ ಬದುಕಬೇಕಾದವನು ವರ್ಷಗಟ್ಟಲೆ ವಾಯಿದೆಗೆ ಬಂದು, ದಲಾಯತನ ಕೂಗಿಗೆ ಕಾದು, ಮತ್ತೆ ಬಸ್ಸು ಹತ್ತುವಾಗ ಅವನ ಬೆನ್ನಿಗೆ ಯಾರಿದ್ದರು? ಸಾಕ್ಷಿಗಳ ರಕ್ಷಣೆಗೆಂದು ಒಂದು ಯೋಜನೆಗೆ ಸುಪ್ರೀಂ ಕೋರ್ಟು ಒಪ್ಪಿಗೆ ಕೊಟ್ಟದ್ದು 2018ರ ಡಿಸೆಂಬರ್‌ನಲ್ಲಿ. ಕಂಬಾಲಪಲ್ಲಿಯವರಿಗೆ ಅದು ದಕ್ಕಲಿಲ್ಲ.

ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರಾದರೂ ಬೇಕೆಂದು ಕಾನೂನು ಆಯೋಗ ಹೇಳಿದ್ದು 1987ರಲ್ಲಿ. ಇಂದಿಗೂ ಅದರ ಅರ್ಧ ದಾಟಿಲ್ಲ. ಇದು ತಮ್ಮೊಬ್ಬರ ತಪ್ಪಲ್ಲ, ಸರ್ಕಾರಗಳ ತಪ್ಪು. ಆದರೆ ತಡದ ಬೆಲೆ ತೆರುವವರು ಹೊರಗಿನ ಜಗಲಿಯಲ್ಲಿ ಕೂತವರು.

ಇನ್ನೊಂದು ಮಾತು ಇಬ್ಬರಿಗೂ ಸೇರಿದ್ದು. 2012ರ ಅಕ್ಟೋಬರ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಲೇಜಿನಿಂದ ಮನೆಗೆ ಹೊರಟ 17 ವರ್ಷದ ಹುಡುಗಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದಳು. 2023ರ ಜೂನ್‌ನಲ್ಲಿ ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ಆರೋಪಿ ನಿರ್ದೋಷಿ ಎಂದಿತು. ಅವನ ಹತ್ತು ವರ್ಷ ಹೋಯಿತು. ಕೊಂದವರು ಯಾರೆಂದು ಆ ಹುಡುಗಿಯ ತಾಯಿಗೆ ಹೇಳುವವರೇ ಇಲ್ಲ.

ಹೀಗಿರುವಾಗ ಜನ ಹಾರ ಹಿಡಿದು ಬೇರೆಲ್ಲೋ ಹೋಗುತ್ತಿದ್ದಾರೆ. ನನ್ನ ನಿಜವಾದ ಸಂಕಟ ಇದು. 2019ರ ಡಿಸೆಂಬರ್ 6ರಂದು ಹೈದರಾಬಾದಿನ ಹೊರವಲಯದಲ್ಲಿ ಯುವತಿಯೊಬ್ಬಳ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಆ ಪೊಲೀಸರ ಮೇಲೆ ಹೂವಿನ ಮಳೆ ಸುರಿಸಿದರು. ಅದೇ ಪ್ರಕರಣದಲ್ಲಿ, ಮಗಳು ಕಾಣುತ್ತಿಲ್ಲವೆಂದು ಮನೆಯವರು ರಾತ್ರಿ ಠಾಣೆಗೆ ಓಡಿದಾಗ ‘ನಮ್ಮ ಸರಹದ್ದಲ್ಲ’ ಎಂದು ಅಲೆಸಿದ್ದರು. ಎಫ್‌ಐಆರ್ ತಡಮಾಡಿದ್ದಕ್ಕೆ ಮೂವರು ಪೊಲೀಸರು ಅಮಾನತಾಗಿದ್ದರು. ಹೂ ಹಾಕಿದವರಿಗೆ ಅದು ಮರೆತೇ ಹೋಗಿತ್ತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು ಎಂದು ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗ ಹೇಳಿದ್ದು 2022ರಲ್ಲಿ ಹೊರಬಂತು. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಕಂದನ ಕೊಲೆಯ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತಾಗಲೂ ಮೆಚ್ಚುಗೆಯ ಸುರಿಮಳೆಯಾಯಿತು. ಆ ಕಂದನನ್ನು ನೆನೆದರೆ ನನ್ನ ಕರುಳೂ ಹಿಂಡುತ್ತದೆ. ಆದರೆ ಠಾಣೆಯವರೇ, ಆ ಹೂವನ್ನು ನಂಬಿಕೆ ಎಂದು ತಿಳಿಯಬೇಡಿ. ನ್ಯಾಯಾಲಯದಲ್ಲಿ ಏನೂ ಆಗುವುದಿಲ್ಲ ಎಂದುಕೊಂಡವರ ಹತಾಶೆ ಅದು.

ಹಾರ ಇನ್ನೊಂದು ದಿಕ್ಕಿಗೂ ಹೋಗಿದೆ. ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದದ್ದು 2017ರ ಸೆಪ್ಟೆಂಬರ್ 5ರಂದು, ವಿಚಾರಣೆ ಶುರುವಾದದ್ದು 2022ರಲ್ಲಿ. 2024ರ ಅಕ್ಟೋಬರ್‌ನಲ್ಲಿ ಜಾಮೀನಿನ ಮೇಲೆ ಬಂದ ಇಬ್ಬರು ಆರೋಪಿಗಳಿಗೆ ವಿಜಯಪುರದಲ್ಲಿ ಸನ್ಮಾನ ನಡೆಯಿತು. ಜಾಮೀನು ಅವರ ಹಕ್ಕು, ಅದರಲ್ಲಿ ನನ್ನ ತಕರಾರಿಲ್ಲ. ವಿಚಾರಣೆ ಇಷ್ಟು ತಡವಾದದ್ದಕ್ಕೆ ತಕರಾರಿದೆ.

ತಮ್ಮಿಂದ ಆಗದು ಎಂದು ನಾನು ಹೇಳಲಾರೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತ ಕೇರಿಗೆ ಬೆಂಕಿ ಇಟ್ಟ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಹತ್ತು ವರ್ಷ ಹಿಡಿಯಿತು, ಆದರೂ ಆಯಿತು.

ಆದ್ದರಿಂದ ಕೈಮುಗಿದು ಕೇಳುವುದಿಷ್ಟು. ಠಾಣೆಯವರೇ, ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳಿ. ಘನ ನ್ಯಾಯಾಲಯವೇ, ಸಾಕ್ಷಿ ಬಂದ ದಿನವೇ ಅವನ ಹೇಳಿಕೆ ಪಡೆಯಿರಿ. ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸರಹದ್ದು ಯಾವುದೇ ಇರಲಿ, ಸಂಜ್ಞೇಯ ಅಪರಾಧದ ದೂರನ್ನು ಠಾಣೆ ತೆಗೆದುಕೊಳ್ಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಒಲ್ಲೆ ಎಂದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ.

ಇತಿ ತಮ್ಮ ವಿಧೇಯ,
ಒಬ್ಬ ಪ್ರಜೆ