ನಮಗೆ ಪ್ರಮೋಷನ್ ಆಯ್ತು

ಸರ್ಕಾರಿ ನೌಕರನಾದವನು ಒಂದು ಮಾತನ್ನು ಬಹಳ ಎಚ್ಚರದಿಂದ ಆಡಬೇಕು. ಆ ಮಾತು ಪ್ರಮೋಷನ್. 2024ರ ಬೇಸಿಗೆಯ ಒಂದು ಬೆಳಿಗ್ಗೆ ನಾನು ಆ ಎಚ್ಚರ ತಪ್ಪಿದೆ. ರಾಮನಗರದಿಂದ ಬೆಂಗಳೂರಿಗೆ ಹೋಗುವ ಮೆಮು ರೈಲಿನಲ್ಲಿ, ದಿನಾ ಕೂರುವ ಬೋಗಿಯಲ್ಲಿ, ಅರ್ಧ ಕೆ.ಜಿ. ಮೈಸೂರು ಪಾಕಿನ ಡಬ್ಬ ಬಿಚ್ಚಿ, "ತಗೊಳ್ಳಿ, ನಮಗೆ ಪ್ರಮೋಷನ್ ಆಯ್ತು" ಅಂದುಬಿಟ್ಟೆ.

ಎದುರು ಸೀಟಿನಲ್ಲಿ ಚನ್ನಪಟ್ಟಣದ ಬೊಂಬೆ ಯಜಮಾನರು ಕೂತಿದ್ದರು. ವಾರಕ್ಕೆ ಮೂರು ಸಲ ಬೊಂಬೆಯ ಮೂಟೆ ತಂದು ಬೆಂಗಳೂರಿನ ಅಂಗಡಿಗಳಿಗೆ ಹಾಕಿ ಹೋಗುವವರು. "ಅಂತೂ ಆಯ್ತಲ್ಲ ಸಾರ್, ಎಷ್ಟ್ ವರ್ಷದ್ದು!" ಎಂದು ಎರಡು ತುಂಡು ಎತ್ತಿಕೊಂಡರು. ಕೇತೋಹಳ್ಳಿ ದಾಟುವಷ್ಟರಲ್ಲಿ ಪಕ್ಕದ ಬೋಗಿಯವರೂ ಬಂದು ಕೈ ಕುಲುಕಿದರು. ಬಿಡದಿ ಬಂದಾಗ, ಬರೀ ಮೈಸೂರು ಪಾಕಿಗೆ ಮುಗಿಸುವ ಹಾಗಿಲ್ಲ, ಭಾನುವಾರ ಎಲ್ಲರಿಗೂ ತಟ್ಟೆ ಇಡ್ಲಿ ಎಂದು ತೀರ್ಮಾನವಾಯಿತು. ಪಾಸಿನವರೊಬ್ಬರ ಮನೆಯಾಕೆಯೂ ನನ್ನ ಹೆಂಡತಿಯೂ ಒಂದೇ ಚೀಟಿ ಗುಂಪಿನವರು. ಹೆಜ್ಜಾಲದಲ್ಲಿ ಫೋನು ಬಂತು: "ರೀ, ಮನೇಲಿ ಹೇಳ್ದೆ ರೈಲಿಗೆಲ್ಲ ಹೇಳಿದ್ದೀರಲ್ಲ! ಕೈಗೆ ಎಷ್ಟು ಜಾಸ್ತಿ ಬರುತ್ತೆ?" ಕೆಂಗೇರಿಯಲ್ಲಿ ಮಾಗಡಿಯ ಮಾವನವರು. ಮಗಳನ್ನು ಕೊಟ್ಟಾಗ ಇಟ್ಟುಕೊಂಡಿದ್ದ ನಂಬಿಕೆ ಇಪ್ಪತ್ತೆರಡು ವರ್ಷದ ಮೇಲೆ ನಿಜವಾದ ದನಿ ಅದು. ಆಫೀಸು ಮುಟ್ಟಿದರೆ, ಸೀನಿಯಾರಿಟಿ ಪಟ್ಟಿಯಲ್ಲಿ ನನಗಿಂತ ಒಂದು ನಂಬರು ಮೇಲಿರುವ ಕನಕಪುರದ ಸಹೋದ್ಯೋಗಿ ಸೇವಾ ನಿಯಮಗಳ ಪುಸ್ತಕ ತೆರೆದಿಟ್ಟುಕೊಂಡು ಕಾಯುತ್ತಿದ್ದರು. "ಯಾವ ರೂಲಲ್ಲಿ ಕೊಟ್ರು, ತೋರ್ಸಿ."

ನಾನು ನಿಜ ಹೇಳಬೇಕಾಯಿತು. ಬಡ್ತಿ ಆದದ್ದು ನನಗಲ್ಲ, ನನ್ನ ಫುಟ್‌ಬಾಲ್ ಟೀಮಿಗೆ. ಎಸ್‌ಸಿ ಬೆಂಗಳೂರು ಎಂಬ ಕ್ಲಬ್ಬು 2023-24ರ ಐ-ಲೀಗ್ 2 ಗೆದ್ದು ಮೇಲಿನ ಐ-ಲೀಗಿಗೆ ಏರಿತ್ತು. ಎರಡನೇ ಸ್ಥಾನದಲ್ಲಿ ನಿಂತು ನಮ್ಮ ಜೊತೆ ಮೇಲೆ ಬಂದದ್ದು ಗೋವಾದ ಡೆಂಪೊ. ಐದು ಸಲ ಇಡೀ ದೇಶದ ಚಾಂಪಿಯನ್ ಆಗಿದ್ದ ಡೆಂಪೊ! ಇದನ್ನು ನಾನು ಕೈ ಎತ್ತಿ ಹೇಳುವಷ್ಟರಲ್ಲಿ ಕನಕಪುರದವರು ಪುಸ್ತಕ ಮುಚ್ಚಿ, ನಿರಾಳವಾಗಿ ಉಸಿರು ಬಿಟ್ಟು, ಕಾಫಿಗೆ ಹೋಗಿದ್ದರು.

ಅಂದು ಸಂಜೆಯ ರೈಲಿನಲ್ಲಿ ವಿಚಾರಣೆ. "ಐ-ಲೀಗ್ 2 ಅಂದ್ರೆ ಎರಡನೇ ಡಿವಿಷನ್ನಾ?" ಬೊಂಬೆ ಯಜಮಾನರು ಕೇಳಿದರು.

"ಅಲ್ಲ, ಮೂರನೇದು. ಮೇಲೆ ಐಎಸ್‌ಎಲ್, ಅದರ ಕೆಳಗೆ ಐ-ಲೀಗ್, ಅದರ ಕೆಳಗೆ ಐ-ಲೀಗ್ 2."

"ಎರಡು ಅಂತ ಹೆಸರಿಟ್ಕೊಂಡು ಮೂರನೇದಾ? ಮೂರನೇ ಕ್ಲಾಸಲ್ಲಿ ಫಸ್ಟ್ ಬಂದೋರಿಗೆ ನಮ್ ಕೈಲಿ ಮೈಸೂರು ಪಾಕ್ ತಿನ್ನಿಸಿದ್ರಾ?"

ಕರ್ನಾಟಕ ಸರ್ಕಾರದಲ್ಲಿ ಕೆಲಸ ಮಾಡಿದವನಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ನಾನು ಪ್ರಥಮ ದರ್ಜೆ ಸಹಾಯಕ. ಕೇಳಿದವರು ಇವನಿಗಿಂತ ಮೇಲೆ ಯಾರೂ ಇಲ್ಲ ಅಂದುಕೊಳ್ಳಬೇಕು. ನನ್ನ ಮೇಲೆ ಸೂಪರಿಂಟೆಂಡೆಂಟರು, ಅವರ ಮೇಲೆ ಗೆಜೆಟೆಡ್ ಆಫೀಸರು, ಅವರ ಮೇಲೆ ಒಂದು ಫ್ಯಾನು, ಫ್ಯಾನಿನ ಮೇಲೆ ಇನ್ನೊಂದು ಮಹಡಿ, ಆ ಮಹಡಿಯ ತುಂಬ ಮತ್ತಷ್ಟು ಆಫೀಸರು. ದ್ವಿತೀಯ ದರ್ಜೆಯಿಂದ ಈ ಪ್ರಥಮಕ್ಕೆ ಏರಲು ನನಗೆ ಹದಿನಾಲ್ಕು ವರ್ಷ ಹಿಡಿಯಿತು. ಫುಟ್‌ಬಾಲಿನ ಬಡ್ತಿಯಲ್ಲಿ ನನಗೆ ಹಿಡಿಸಿದ್ದೇ ಇದು: ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು, ಸೋತರೆ ಸೊನ್ನೆ. ಕೂಡಿಸಿ ನೋಡಿ, ಮೇಲಿದ್ದವನು ಮೇಲೆ ಹೋದ. ಕಡತವಿಲ್ಲ, ಷರಾ ಇಲ್ಲ, 'ಚರ್ಚಿಸಿ' ಎಂದು ಬರೆದು ಕೆಳಕ್ಕೆ ಕಳಿಸುವವರಿಲ್ಲ.

ಈ ಚಟ ಹತ್ತಿಸಿದ್ದು ಎಚ್‌ಎಎಲ್‌ನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ. ಬೇಸಿಗೆ ರಜೆಗೆ ಅವರ ಮನೆಗೆ ಹೋದರೆ ಬೇರೆ ಮಕ್ಕಳಿಗೆ ಕಬ್ಬನ್ ಪಾರ್ಕು, ಲಾಲ್‌ಬಾಗು. ನನಗೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮು, ಜೊತೆಗೆ ಒಂದು ಪೊಟ್ಟಣ ಕಳ್ಳೇಕಾಯಿ. ನಮ್ಮವರೇ ಆದ ರಾಮನ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಮೇಲೆ ಗೋಲು ಹೊಡೆದದ್ದನ್ನೂ, ಆ ಟೀಮಿನ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದನ್ನೂ ಚಿಕ್ಕಪ್ಪ ಹೇಳುತ್ತಿದ್ದರೆ ರಾಮನ್‌ಗೆ ಪಾಸು ಕೊಟ್ಟವರು ಇವರೇ ಇರಬೇಕು ಅನ್ನಿಸುತ್ತಿತ್ತು. ಲೆಕ್ಕ ಹಾಕಿದರೆ ಆಗ ಅವರಿಗೆ ಏಳು ವರ್ಷ.

ಅವರ ಜೀವನದ ದೊಡ್ಡ ಗೆಲುವು 1968-69ರದ್ದು. ಆಗಿನ ಮೈಸೂರು ರಾಜ್ಯದ ತಂಡ ಸತತ ಎರಡನೇ ವರ್ಷ ಸಂತೋಷ್ ಟ್ರೋಫಿ ಗೆದ್ದಿತ್ತು. ಮುಂದಿನ ವರ್ಷವೂ ನಾವೇ ಎಂದುಕೊಂಡು ಚಿಕ್ಕಪ್ಪ ಕಾಯತೊಡಗಿದರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಚಿಕ್ಕಪ್ಪನಿಗೆ ಮದುವೆಯಾಯಿತು, ಮಕ್ಕಳಾದವು, ರಿಟೈರಾಯಿತು, ಕಣ್ಣಿನ ಆಪರೇಷನ್ ಆಯಿತು. ಕಪ್ಪು ಮಾತ್ರ ಬರಲಿಲ್ಲ. ಕೊನೆಗೆ ಬಂದದ್ದು 2023ರ ಮಾರ್ಚ್ 4ರಂದು, ಅದೂ ಸೌದಿ ಅರೇಬಿಯಾದಲ್ಲಿ.

"ಎಲ್ಲಿ ಆಡ್ತಿರೋದು?"

"ರಿಯಾದ್, ಚಿಕ್ಕಪ್ಪ."

"ಅದು ಜನ ಕೆಲಸಕ್ಕೆ ಹೋಗೋ ಊರಲ್ವೇನೋ? ನಾನು ಹೋದ ಸಲ ಸೈಕಲ್‌ನಲ್ಲಿ ಹೋಗಿ ನೋಡ್ಕೊಂಡು ಬಂದಿದ್ದೆ!"

ಹೋದ ಸಲ ಎಂದರೆ ಐವತ್ತನಾಲ್ಕು ವರ್ಷದ ಹಿಂದೆ. ಮೊಬೈಲನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಇಬ್ಬರೂ ನೋಡಿದೆವು. ಆಟ ಶುರುವಾಗಿ ಎರಡು ಮೂರು ನಿಮಿಷಕ್ಕೇ ಸುನಿಲ್ ಕುಮಾರ್ ಗೋಲು ಹೊಡೆದರು. ಮೇಘಾಲಯದವರು ಪೆನಾಲ್ಟಿಯಲ್ಲಿ ಸಮ ಮಾಡಿದರು. ಬೇಕಿ ಓರಾಮ್ ಇನ್ನೊಂದು ಹೊಡೆದರು, ಮಧ್ಯಂತರದ ಹೊತ್ತಿಗೆ ರಾಬಿನ್ ಯಾದವ್ ಫ್ರೀ ಕಿಕ್ಕಿನಲ್ಲಿ ಮತ್ತೊಂದು. ಮೇಘಾಲಯ ಆಮೇಲೆ ಒಂದನ್ನು ತೀರಿಸಿ, ಕೊನೆಯ ಅರ್ಧ ಗಂಟೆ ನಮ್ಮಿಬ್ಬರ ಬಿಪಿಯನ್ನು ಕೈಯಲ್ಲಿ ಹಿಡಿದುಕೊಂಡಿತ್ತು. 3-2. ಚಿಕ್ಕಪ್ಪ ಏನೂ ಮಾತಾಡದೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಬಂದವರು, "ಇನ್ಮೇಲೆ ಇಷ್ಟು ದಿನ ಕಾಯೋಕೆ ನನ್ ಕೈಲಿ ಆಗಲ್ಲ ಕಣೋ" ಎಂದರು.

ರಾಮನಗರದಲ್ಲಿ ಇದರ ಸುದ್ದಿಯನ್ನು ಯಾರಿಗಾದರೂ ಹೇಳಬೇಕಲ್ಲ? ಎಂಟು ದಿನಕ್ಕೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ ಮೂರನ್ನೂ ಪಕ್ಕಕ್ಕೆ ಸರಿಸಿ ಗಾಡಿಗಳು ಬೈಪಾಸಿನಲ್ಲಿ ಸುಂಯ್ ಎಂದವು. ನಾನು ಸಂತೋಷ್ ಟ್ರೋಫಿ ಎಂದರೆ ಜನ ಟೋಲ್ ಎಷ್ಟಂತೆ ಎನ್ನುತ್ತಿದ್ದರು. ನಮ್ಮ ಊರನ್ನೇ ಬೈಪಾಸು ಮಾಡಿದ ಮೇಲೆ ಫುಟ್‌ಬಾಲಿನ ಗತಿ ಕೇಳಬೇಕೇ.

ಹೀಗಾಗಿ ಎಸ್‌ಸಿ ಬೆಂಗಳೂರಿನ ಆ ಸೀಸನ್ನನ್ನು ನಾನು ಹೆಚ್ಚುಕಡಿಮೆ ಒಬ್ಬನೇ ಅನುಭವಿಸಿದೆ. ರಜೆಯ ದಿನ ಮೆಮು ಹತ್ತಿ ಸ್ಟೇಡಿಯಮ್ಮಿಗೆ. ಇಲ್ಲದ ದಿನ ಮೊಬೈಲಿನಲ್ಲಿ. ಮೊಬೈಲಿನ ಪರದೆಯ ಮೂಲೆಯಲ್ಲಿ ಎಷ್ಟು ಜನ ನೋಡುತ್ತಿದ್ದಾರೆ ಎಂದು ತೋರಿಸುತ್ತಾರೆ. ನಮ್ಮ ಬೀದಿಯ ನಾಮಕರಣಕ್ಕೆ ಅದಕ್ಕಿಂತ ಹೆಚ್ಚು ಜನ ಊಟಕ್ಕೆ ಕೂರುತ್ತಾರೆ. ಸ್ಟೇಡಿಯಮ್ಮಿನ ಸುಖವೇ ಬೇರೆ. ಜನ ಕಮ್ಮಿಯಾದ್ದರಿಂದ ಆಟದ ಒಳಮಾತೆಲ್ಲ ಕಿವಿಗೆ ಬೀಳುತ್ತದೆ. ಗೋಲ್‌ಕೀಪರ್ ಯಾರನ್ನು ಯಾವ ಭಾಷೆಯಲ್ಲಿ ಬೈದ, ಬೈಸಿಕೊಂಡವನಿಗೆ ಆ ಭಾಷೆ ಬರುತ್ತಿತ್ತೇ ಎಂಬುದೂ ಗೊತ್ತಾಗುತ್ತದೆ. ನಾನು "ಎಡಕ್ಕೆ ಕೊಡೋ!" ಎಂದು ಕೂಗಿದರೆ ಆಟಗಾರ ತಿರುಗಿ ನೋಡುತ್ತಾನೆ. ಒಮ್ಮೆ ಎಡಕ್ಕೇ ಕೊಟ್ಟ. ಅಲ್ಲಿ ಯಾರೂ ಇರಲಿಲ್ಲ. ಅವತ್ತಿನಿಂದ ನಾನು ಸಲಹೆ ನಿಲ್ಲಿಸಿದ್ದೇನೆ.

ಅದೇ 2024ರ ಮಾರ್ಚ್ 17ರ ರಾತ್ರಿ ಆರ್‌ಸಿಬಿಯ ಹೆಣ್ಣುಮಕ್ಕಳು ಕಪ್ ಎತ್ತಿದಾಗ ನಮ್ಮ ಬೀದಿಯಲ್ಲಿ ಪಟಾಕಿಯೋ ಪಟಾಕಿ. ನಾನೂ ಎರಡು ಹಚ್ಚಿದೆ; ಇಲ್ಲವೆನ್ನುವುದಿಲ್ಲ. ನನ್ನ ಟೀಮು ಗೆದ್ದ ದಿನ ಬೀದಿಯಲ್ಲಿ ಕೇಳಿಸಿದ್ದು ಸಾರಿನ ಒಗ್ಗರಣೆಯ ಸದ್ದೊಂದೇ. ಅದಕ್ಕೆ ನನಗೆ ಬೇಜಾರಿಲ್ಲ. ಮೈಸೂರು ಪಾಕಿನ ಲೆಕ್ಕ ಹಾಕಿ ನೋಡಿ. ಒಂದು ಗೆಲುವನ್ನು ಕೋಟಿ ಜನ ಹಂಚಿಕೊಂಡರೆ ತಲೆಗೆ ಒಂದು ಚೂರು ಹುಡಿಯೂ ಬರುವುದಿಲ್ಲ. ಇಲ್ಲಿ ರಾಮನಗರ ತಾಲ್ಲೂಕಿನ ಪಾಲು ಪೂರ್ತಿ ನನ್ನೊಬ್ಬನಿಗೇ ಬಂದಿತ್ತು. ತಿಂದು ಅರಗಿಸಿಕೊಳ್ಳಲು ಒಂದು ವಾರ ಬೇಕಾಯಿತು.

ಚನ್ನಪಟ್ಟಣ, ಕನಕಪುರದ ಪಾಲು ಹೋಯಿತೆಂದೇ ಇಟ್ಟುಕೊಳ್ಳೋಣ. ಮಾಗಡಿಯ ಪಾಲನ್ನು ಮಾವನವರು ವಸೂಲಿ ಮಾಡಿದರು. ನಿಜ ತಿಳಿದ ಮೇಲೆ ಅವರು ಮೂರು ದಿನ ಮಾತು ಬಿಟ್ಟಿದ್ದರು. ನಾಲ್ಕನೇ ದಿನ ಫೋನು:

"ಗೆದ್ದಿದ್ದು ಯಾವೂರ ಟೀಮು ಅಂದ್ರಿ?"

"ಬೆಂಗಳೂರು, ಮಾವ."

"ಬೆಂಗಳೂರು ಕಟ್ದೋರ್ಯಾರು?"

"ಕೆಂಪೇಗೌಡ್ರು."

"ಕೆಂಪೇಗೌಡ್ರು ಎಲ್ಲಿಯೋರು?"

ಮಾವನ ಮನೆಯ ಊಟ ಉಂಡವನು ಇಲ್ಲಿ ಯಲಹಂಕ ಎನ್ನುವುದಿಲ್ಲ. "ಮಾಗಡಿ" ಎಂದೆ.

"ಅಂದ್ಮೇಲೆ ಗೆದ್ದಿದ್ದು ನಾವೇ ಅಲ್ವ? ಮೊದ್ಲೇ ಹಂಗೆ ಹೇಳ್ಬಾರ್ದಾ!" 1537ರಲ್ಲಿ ಕಟ್ಟಿದ ಊರಿನ ಬಾಡಿಗೆಯನ್ನು ಮಾಗಡಿಯವರು ಹೀಗೆ ಆಗಾಗ ಎತ್ತುತ್ತಾರೆ.

ಇದೆಲ್ಲ ಆಗುವಾಗ ಗ್ಲಾಸ್ಗೋದಲ್ಲಿ ಓದುತ್ತಿದ್ದ ಅಕ್ಕನ ಮಗನ ಮೆಸೇಜು ಬಂತು. "ಮಾವ, ನೀನು ಒಬ್ಬನೇ ಅಲ್ಲ. ಇಲ್ಲಿ ಸ್ಟೆನ್‌ಹೌಸ್‌ಮ್ಯೂರ್ ಅಂತ ಒಂದು ಊರಿದೆ. ಕ್ಲಬ್ಬು ಹುಟ್ಟಿದ್ದು 1884ರಲ್ಲಿ. ಲೀಗಿನಲ್ಲಿ ಮೊದಲನೇ ಸಲ ಚಾಂಪಿಯನ್ ಆಗಿದ್ದು ಈ ವರ್ಷ." ನೂರ ನಲವತ್ತು ವರ್ಷ! ನಾನು ಹದಿನಾಲ್ಕು ವರ್ಷಕ್ಕೇ ಗೊಣಗಿದವನು. ಅವರು ಗೆದ್ದದ್ದು ಸ್ಕಾಟಿಷ್ ಲೀಗ್ ಟು. ಅಲ್ಲಿಯೂ ಹೆಸರಿಟ್ಟವರು ನಮ್ಮ ಇಲಾಖೆಯವರೇ ಇರಬೇಕು: ಲೀಗ್ ಒನ್ ಎಂದರೆ ಮೂರನೇ ಮೆಟ್ಟಿಲು, ಲೀಗ್ ಟು ಎಂದರೆ ನಾಲ್ಕನೆಯದು. ಮ್ಯೂರ್ ಎಂದರೆ ಅವರ ಕಡೆ ಬಯಲಂತೆ. ಚನ್ನಪಟ್ಟಣದ ಪಕ್ಕ ನಮಗೊಂದು ದೊಡ್ಡಮಳೂರು ಇದ್ದ ಹಾಗೆ ಅವರಿಗೊಂದು ಮ್ಯೂರು ಎಂದುಕೊಂಡೆ. ಮದ್ದೂರಿಗೆ ವಡೆ ಇದ್ದಂತೆ ಆ ಊರಿಗೆ ಟಾಫಿ ಹೆಸರು ತಂದುಕೊಟ್ಟಿತ್ತಂತೆ. ಎಲ್ಲಕ್ಕಿಂತ ನನಗೆ ಬಲ ಬಂದದ್ದು ಇನ್ನೊಂದು ಸಂಗತಿಯಿಂದ: ಆ ಪುಟ್ಟ ಕ್ಲಬ್ಬಿಗೆ ಸಮುದ್ರದಾಚೆ ನಾರ್ವೆಯಲ್ಲಿ ಒಂದು ಅಭಿಮಾನಿ ಸಂಘವಿದೆ. ನಾರ್ವೆಯವನು ಸ್ಟೆನ್‌ಹೌಸ್‌ಮ್ಯೂರಿಗೆ ಜೈ ಎನ್ನಬಹುದಾದರೆ ರಾಮನಗರದವನು ಐವತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಅನ್ನಬಾರದೇ? ಇದನ್ನು ಹೆಂಡತಿಗೆ ವಿವರಿಸಿದೆ. "ಆ ನಾರ್ವೆಯೋನು ಮನೆಗೆ ತರಕಾರಿ ತಂದಾದ್ಮೇಲೆ ಜೈ ಅಂತಾನೋ, ತರೋಕ್ ಮುಂಚೇನೋ?" ಎಂದಳು.

ಹತ್ತಿದವನು ಇಳಿಯಲೇಬೇಕು ಎಂಬುದು ರೈಲಿನ ನಿಯಮ. ಲೀಗಿನದೂ ಅದೇ. ಐ-ಲೀಗಿನಲ್ಲಿ ಆಗ ಹನ್ನೆರಡು ಟೀಮು, ಕೊನೆಯ ಎರಡು ಕೆಳಕ್ಕೆ. 2025ರ ಏಪ್ರಿಲ್ ಹೊತ್ತಿಗೆ ಆ ಎರಡರಲ್ಲಿ ಒಂದು ನಮ್ಮದಾಗಿತ್ತು. ಒಂದೇ ವರ್ಷಕ್ಕೆ ಹಿಂಬಡ್ತಿ. ಸರ್ಕಾರದಲ್ಲಿ ಹಿಂಬಡ್ತಿ ಎಂದರೆ ಟ್ರಿಬ್ಯೂನಲ್ಲಿಗೆ ಹೋಗಬಹುದು, ತಡೆಯಾಜ್ಞೆ ತರಬಹುದು. ಇಲ್ಲಿ ಚೀಲ ಕಟ್ಟಿಕೊಂಡು ಇಳಿಯುವುದೊಂದೇ.

ವಿಚಿತ್ರವೆಂದರೆ ಮರುತಿಂಗಳೇ, ಮೇ 22ರಂದು, ಒಂದು ಪಂದ್ಯವನ್ನೂ ಆಡದೆ ನಮ್ಮ ಜಿಲ್ಲೆಗೆ ಬಡ್ತಿಯಾಯಿತು. ರಾಮನಗರ ಜಿಲ್ಲೆ ಇನ್ನು ಮೇಲೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಸಚಿವ ಸಂಪುಟ ಒಪ್ಪಿತು. ಬೆಂಗಳೂರಿನ ಟೀಮು ಇಳಿಯಿತು, ನಾವೇ ಬೆಂಗಳೂರಾಗಿಬಿಟ್ಟೆವು. ನಮ್ಮೂರಿಗೆ ಹೆಸರು ಬದಲಾಯಿಸುವುದು ಹೊಸದಲ್ಲ. ಬ್ಯಾರಿ ಕ್ಲೋಸ್ ಎಂಬ ದೊರೆಯ ಹೆಸರಿನಲ್ಲಿ ಕ್ಲೋಸ್‌ಪೇಟೆ ಆಗಿತ್ತು, ಆಮೇಲೆ ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು. ಸಿನಿಮಾದವರು ಬಂದು ಬಂಡೆಗಳ ನಡುವೆ ರಾಮಗಢ ಮಾಡಿ ಹೋದರು. ಬಂಡೆ ಮಾತ್ರ ಸುಮಾರು 250 ಕೋಟಿ ವರ್ಷದಿಂದ ಸುಮ್ಮನೆ ಕೂತಿದೆ; ಭೂವಿಜ್ಞಾನಿಗಳು ಅದನ್ನು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಸೀನಿಯಾರಿಟಿ ಎಂದರೆ ಅದು.

ಚಿಕ್ಕಪ್ಪನಿಗೆ ಈ ಹೆಸರಿನ ವಿಷಯ ಹೇಳಿದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಮೈಸೂರು ಅಂತಿದ್ದಾಗ ಕಪ್ ಬರ್ತಿತ್ತು. '73ರಲ್ಲಿ ಕರ್ನಾಟಕ ಅಂತ ಇಟ್ರು, ಆ ಹೆಸರಿಗೆ ಮೊದ್ಲು ಕಪ್ ಬಂದಿದ್ದು 2023ಕ್ಕೆ. ಸರಿಯಾಗಿ ಐವತ್ತು ವರ್ಷ. ನಿಮ್ಮ ಜಿಲ್ಲೆಗೆ 2075ಕ್ಕೆ ಬರುತ್ತೆ, ನೋಡ್ತಿರು."

ಆ ವಾರ ಸಂಜೆಯ ಮೆಮುವಿನಲ್ಲಿ ನಾನು ಮಂಕಾಗಿ ಕೂತಿದ್ದೆ. ಖಾಲಿ ಮೂಟೆ ಮಡಿಸಿ ಕಂಕುಳಲ್ಲಿಟ್ಟುಕೊಂಡು ಬೊಂಬೆ ಯಜಮಾನರು ಬಂದರು.

"ಏನ್ ಸಾರ್, ಡಬ್ಬ ಇಲ್ವಾ ಈ ಸಲ?"

"ಹಿಂಬಡ್ತಿಗೆ ಯಾರು ಸ್ವೀಟ್ ಹಂಚ್ತಾರೆ, ಯಜಮಾನ್ರೇ?" ಎಂದು, ಕೈಯಲ್ಲಿದ್ದ ಕಳ್ಳೇಕಾಯಿ ಪೊಟ್ಟಣ ಮುಂದೆ ಹಿಡಿದೆ. ಅವರು ಒಂದು ಕಾಯಿ ಸುಲಿದು, ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡು, ಕಿಟಕಿಯಾಚೆ ನೋಡುತ್ತ ಅಗಿದರು. ಹೆಜ್ಜಾಲ ಹೋಯಿತು, ಬಿಡದಿ ಹೋಯಿತು. ರಾಮದೇವರ ಬೆಟ್ಟ ಕಾಣಿಸುವ ಹೊತ್ತಿಗೆ ಪೊಟ್ಟಣ ಖಾಲಿ. ನಾನು ಇಳಿಯಲು ಎದ್ದೆ.

"ಸಾರ್," ಎಂದರು ಯಜಮಾನರು, "ಕೆಳಗಡೆ ಡಿವಿಷನ್ ಯಾವಾಗ ಶುರು? ನಮ್ಮೋರು ಮೊದ್ಲು ಯಾರ್ ಮೇಲೆ ಆಡೋದು?"

ರೈಲು ಇನ್ನೂ ನಿಂತಿರಲಿಲ್ಲ. ನಾನು ಮತ್ತೆ ಕೂತುಕೊಂಡೆ. ರಾಮನಗರ ಬಂತು, ಹೋಯಿತು. ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಚನ್ನಪಟ್ಟಣ ಬಂದಿತ್ತು.