ತಾಟಿನೊಳಗೊಂದು ಆಲದ ಮರ

ಮೈಸೂರಿಗೆ ಮದುವೆಗೆ ಹೋದವನು ಉಂಡು ಸುಮ್ಮನೆ ಬಸ್ಸು ಹತ್ತಿದ್ದರೆ ಒಂದು ಜೀವ ಉಳಿಯುತ್ತಿತ್ತು. ಹತ್ತಲಿಲ್ಲ. ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ಹೊಕ್ಕೆ. ತಾಟಿನಂಥ ಕುಂಡಗಳಲ್ಲಿ ಮೊಣಕಾಲೆತ್ತರದ ಮುದಿ ಮರಗಳನ್ನು ನೋಡಿ ತಲೆ ಕೆಟ್ಟಿತು. ನಮ್ಮೂರು ಗುರುಗುಂಟಾಕ್ಕೆ ಮರಳುವಾಗ ತೊಡೆಯ ಮೇಲೆ ನರ್ಸರಿಯಿಂದ ಕೊಂಡ ಪುಟ್ಟ ಆಲವೊಂದು ಕೂತಿತ್ತು. ಅದಕ್ಕೆ ಟಿಕೆಟ್ ಹರಿಯದಿದ್ದದ್ದು ಕಂಡಕ್ಟರನ ದೊಡ್ಡತನ.

ಅವ್ವ ಕನ್ನಡಕ ಏರಿಸಿ ನೋಡಿದಳು. "ಉಂಬಾಕ ಮಣ್ಣಿಲ್ಲ, ನಿಂದ್ರಾಕ ಜಾಗಿಲ್ಲ. ಹಿಂದಿನ ಜನ್ಮದಾಗ ಏನು ಪಾಪ ಮಾಡಿತ್ತೋ!"

ಮಣ್ಣಿಲ್ಲ ಅಂದಳಲ್ಲ, ಅದು ಮನಸ್ಸಿಗೆ ನಾಟಿತು. ಕುಂಡದಲ್ಲಿದ್ದ ಹರಳು ಹರಳು ಮಿಶ್ರಣ ಚೆಲ್ಲಿ ಹೊಲದ ಎರೆ ಮಣ್ಣು ತುಂಬಿದೆ. ಜೋಳ, ಹತ್ತಿ, ಕಡಲೆ ಬೆಳೆವ ಮಣ್ಣಿಗೆ ಗೇಣುದ್ದದ ಗಿಡ ಯಾವ ಲೆಕ್ಕ? ಟಿವಿ ಪಕ್ಕ ಇಟ್ಟು ಮುಂಜಾನೆ, ಮಧ್ಯಾಹ್ನ, ರಾತ್ರಿ ನೀರು ಹಾಕಿದೆ. ಕುಂಡದ ತೂತಿನಿಂದ ನೀರು ಸೋರಿ ಮೇಜಿನ ಬಟ್ಟೆ ಕೆಟ್ಟಿತೆಂದು ಹೆಂಡತಿ ಬೈದಳು. ತೂತಿಗೆ ಸಿಮೆಂಟು ಮೆತ್ತಿದೆ. ಆ ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು. ಒಂದು ಹನಿ ಹೊರಗೆ ಬರಲಿಲ್ಲ.

ನಲವತ್ತನೆಯ ದಿನ ಕಡೆಯ ಎಲೆ ಉದುರಿತು. ಕಿತ್ತರೆ ಇಡೀ ಮಣ್ಣು ಹಸಿ ಇಟ್ಟಿಗೆಯಂತೆ ಎದ್ದು ಬಂತು. ಬೇರೆಲ್ಲ ಕಪ್ಪು, ಕೊಳೆತ ಗೆಣಸಿನ ವಾಸನೆ. 1625ರಿಂದ ಕುಂಡದಲ್ಲಿ ಬೆಳೆದ ಜಪಾನಿನ ಒಂದು ಬಿಳಿ ಪೈನ್ 1945ರಲ್ಲಿ ಹಿರೋಶಿಮಾದ ಅಣುಬಾಂಬಿಗೂ ಜಗ್ಗಲಿಲ್ಲ. 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋಯಿತು. ಅದೃಷ್ಟವಂತ ಮರ. ನಮ್ಮ ಮನೆಗೆ ಬಂದಿರಲಿಲ್ಲ.

ಎರಡನೆಯ ಆಲ ತರುವ ಮುಂಚೆ ಬಲ್ಲವರನ್ನು ಕೇಳಿದೆ. ಬೋನ್ಸಾಯ್ ಅಂದರೆ ತಾಟಿನಲ್ಲಿ ನೆಟ್ಟದ್ದು ಎಂದಷ್ಟೇ ಅರ್ಥ; ಟಿವಿ ಪಕ್ಕ ಇಟ್ಟದ್ದು ಎಂದಲ್ಲ. ಅದಕ್ಕೂ ಬಿಸಿಲು ಗಾಳಿ ಬೇಕು. ಇಟ್ಟಿಗೆ ಚೂರು, ದಪ್ಪ ಮರಳು, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಕೂಡಿಸಿ ತುಂಬಿದೆ. ತೂತಿನ ಮೇಲೆ ಜಾಳಿಗೆ ಇಟ್ಟೆ. ಬೆರಳು ಚುಚ್ಚಿ, ಮೇಲ್ಮಣ್ಣು ಒಣಗಿದ್ದರಷ್ಟೇ ನೀರು. ಆದರೆ ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟಿದರೆ ಬೆರಳು ಹೊರಗೆ ತೆಗೆಯುವುದರೊಳಗೆ ಮಣ್ಣು ಒಣಗಿರುತ್ತದೆ. ಮಧ್ಯಾಹ್ನ ನೆರಳು, ದಿನಕ್ಕೆ ಎರಡು ಸಲ ನೀರು.

ಇಷ್ಟು ಜಾಣನಾದ ಮೇಲೆ ಸುಮ್ಮನಿರಬೇಕಿತ್ತು. ಟೊಂಗೆ ಬಾಗಿಸಲು ಮೆತ್ತನೆಯ ಅಲ್ಯೂಮಿನಿಯಂ ತಂತಿ ಬೇಕು, ತೊಗಟೆಗೆ ಕಚ್ಚುವ ಮೊದಲೇ ಬಿಚ್ಚಬೇಕು ಅಂದಿದ್ದರು. ನಾನು ಸೆಂಟ್ರಿಂಗ್‌ನವರ ಹತ್ತಿರ ಬೈಂಡಿಂಗ್ ವೈರ್ ಇಸಿದುಕೊಂಡು ಸುತ್ತಿದೆ, ಮರೆತೆ. ನೆನಪಾದಾಗ ತಂತಿ ತೊಗಟೆಯೊಳಗೆ ಹೂತು ಜಂಗು ಹಿಡಿದಿತ್ತು. ಕಟಿಂಗ್ ಪ್ಲೈಯರ್‌ನಿಂದ ಚೂರು ಚೂರಾಗಿ ತೆಗೆದೆ. ಆ ಸುರುಳಿ ಗಾಯ ಇವತ್ತಿಗೂ ಇದೆ. ಬಂದವರಿಗೆ "ಜಪಾನೀ ಶೈಲಿ" ಅನ್ನುತ್ತೇನೆ.

ಗಿಡ ಮಾತ್ರ ಕಳೆಕಳೆಯಾಗಿ ಎಲೆ ಬಿಟ್ಟಿತ್ತು. ಎಲೆ ದೊಡ್ಡದಾಯಿತಲ್ಲ ಎಂಬ ಹೊಸ ಚಿಂತೆ ಹತ್ತಿತು. ಒಂದು ಮುಂಜಾನೆ ಅಂಗಳಕ್ಕೆ ಬಂದರೆ ಬಾಜೂ ಮನೆಯ ಆಡು ಕಟ್ಟೆಯ ಮೇಲೆ ಮುಂಗಾಲಿಟ್ಟು ಕೊನೆಯ ಎಲೆ ಅಗಿಯುತ್ತಿತ್ತು. ಆಡು ಮುಟ್ಟದ ಸೊಪ್ಪಿಲ್ಲ, ನಿಜ. ಎಂಟುನೂರು ರೂಪಾಯಿಯ ಸೊಪ್ಪನ್ನಾದರೂ ಬಿಡಬಾರದಿತ್ತೇ? ಆಡಿನ ಒಡತಿ ಅಜ್ಜಿ ಹೆದರಲಿಲ್ಲ. "ನಮ್ಮ ಆಡು ತಿಂದೈತಂದ್ರ ಗಿಡ ಚೊಲೋ ಐತಂತ ತಿಳಕೊಳಪ್ಪಾ."

ಮೂರು ವಾರಕ್ಕೆ ಬೋಳು ಟೊಂಗೆಯಲ್ಲಿ ಚಿಗುರು ಒಡೆಯಿತು. ಬಂದ ಎಲೆಗಳು ಮೊದಲಿನ ಅರ್ಧದಷ್ಟೇ ಇದ್ದವು. ಫೋಟೊ ನೋಡಿದ ಬಲ್ಲವರು ಖುಷಿಯಾದರು: "ಎಲೆ ಸಣ್ಣದಾಗಲಿ ಅಂತ ಒಮ್ಮೆಗೇ ಎಲ್ಲ ಎಲೆ ತೆಗೆದಿರಲ್ಲ, ಅದೇ ಸರಿಯಾದ ಪದ್ಧತಿ. ಯಾರು ಕಲಿಸಿದರು?"

ನಾನೇ, ಅಂದೆ. ಅಜ್ಜಿಗೆ ಹೇಳಬೇಡಿ, ಆಡಿನ ಕೂಲಿ ಕೇಳುತ್ತಾಳೆ. ಮತ್ತೆ, ನಿಮ್ಮ ಕುಂಡದ ತೂತು ಮುಚ್ಚಿದ್ದರೆ ಈಗಲೇ ತೆಗೆಯಿರಿ.